ತೊಳೆಯುವ ಮೊದಲು ಅಳೆದಿದ್ದಿರಾ?

‘ತೊಳೆಯುವ ಮೊದಲು ಅಳೆದಿದ್ದಿರಾ ತಾಯಿ?’

ಮಂಗಳವಾರದಿಂದ ಈ ಪ್ರಶ್ನೆ ನನ್ನ ಕಿವಿ ಬಿಟ್ಟಿಲ್ಲ. ರತ್ನಗಂಬಳಿ ರಿಪೇರಿ ಮಾಡುವ ಆ ಹಿರಿಯರ ದನಿಯಲ್ಲಿ ಬೈಗುಳವಿರಲಿಲ್ಲ. ಜ್ವರ ಯಾವಾಗಿನಿಂದ ಎಂದು ವೈದ್ಯರು ಕೇಳುತ್ತಾರಲ್ಲ, ಹಾಗೆ ಕೇಳಿದರು. ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು.

ಅಮ್ಮನ ಕೋಣೆಯ ರತ್ನಗಂಬಳಿ ಅದು. ಮೇಲೆ ಉಣ್ಣೆಯ ಗಂಟು, ಬುಡದಲ್ಲಿ ಹತ್ತಿಯ ಹಾಸುಹೊಕ್ಕು. ಕಳೆದ ವಾರ ತೊಳೆದು ಹಗ್ಗಕ್ಕೆ ಜೋತುಹಾಕಿದ್ದೆವು. ಒಣಗಿದ ಮೇಲೆ ನೆಲಕ್ಕೆ ಹಾಸಿದರೆ ಓರೆ. ಒಂದು ಮೂಲೆ ಎದ್ದು ನಿಂತಿತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಈಗಷ್ಟೇ ನಡೆಯತೊಡಗಿರುವ ಅಮ್ಮ ಆ ಮೂಲೆಗೆ ಎಡವಿದರೆ? ನನ್ನ ಎದೆ ಹೊಡೆದುಕೊಂಡಿತು. ಭಾವ ಕೂಡಲೇ ಹಲಗೆ ತಂದು, ಮೂಲೆಗೆ ನೀರು ಚಿಮುಕಿಸಿ, ಕಬ್ಬಿಣದ ಮೊಳೆ ಬಡಿದರು. ಭಾವ ಕರೆದಾಗಲೆಲ್ಲ ಬರುವವರು, ಅವರಿಲ್ಲದೆ ಈ ಮನೆ ನಡೆಯದು. ಆದರೆ ಯೋಚನೆಗಿಂತ ಮುಂಚೆ ಅವರ ಕೈ ಓಡುತ್ತದೆ. ಬೆಳಗಾಗುವುದರಲ್ಲಿ ಮೊಳೆಯ ಸುತ್ತ ಕಂದು ಕಲೆ ಬಿದ್ದಿತ್ತು.

ಹಿರಿಯರು ಬಂದವರೇ ಆ ಮೊಳೆಯನ್ನು ಕಿತ್ತರು. ಒದ್ದೆ ಕಂಬಳಿಗೆ ತುಕ್ಕು ಹಿಡಿಯದ್ದೇ ಆಗಬೇಕು ಎಂದು ತಮ್ಮ ಡಬ್ಬಿ ತೆರೆದು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಮೊಳೆಗಳನ್ನು ತೋರಿಸಿದರು. ಸತುವಿನ ಲೇಪದ ಮೊಳೆಯನ್ನೂ ಅವರು ನಂಬುವುದಿಲ್ಲ. ಸುತ್ತಿಗೆಯ ಏಟಿಗೆ ಲೇಪ ಎದ್ದುಬಿಡುತ್ತದಂತೆ. ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲವಿದೆ, ಆದರೆ ಅದು ಕಂಬಳಿಯ ಬಣ್ಣವನ್ನೂ ಕೆಡಿಸಬಹುದು, ಬಿಡಿ ಎಂದರು.

ಆಮೇಲೆ ಟೇಪು ಹಿಡಿದು ಆ ಪ್ರಶ್ನೆ ಕೇಳಿದರು. ಉದ್ದ 178 ಸೆಂಟಿಮೀಟರ್, ಅಗಲ 120. ಮೂಲೆಯಿಂದ ಎದುರು ಮೂಲೆಗೆ ಅಳೆದರೆ ಒಂದು ಕರ್ಣ 219, ಇನ್ನೊಂದು 210. ಎಷ್ಟಿತ್ತು ಎಂದು ಗೊತ್ತಿಲ್ಲದೆ ಎಲ್ಲಿಯವರೆಗೆ ಎಳೆಯುವುದು? ಅವರು ಸುಮ್ಮನೆ ಕೋಣೆಗೆ ಹೋಗಿ ನೆಲವನ್ನು ನೋಡಿದರು. ವರ್ಷಗಟ್ಟಲೆ ಕಂಬಳಿ ಹಾಸಿದ್ದ ಜಾಗ ಬಿಸಿಲಿಗೆ ಮಾಸದೆ ಹಾಗೇ ಉಳಿದಿತ್ತು. 180ಕ್ಕೆ 120. ಎರಡೂ ಕರ್ಣ 216. ನಾನು ದಿನವೂ ಗುಡಿಸುವ ನೆಲ ಅದು.

ಉಳಿದದ್ದು ಕೈಯ ಕೆಲಸ. ಪ್ಲೈವುಡ್ ಹಲಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೂಲೆಮಟ್ಟ ಇಟ್ಟು ಆಯತ ಗೀಚಿದರು. ಕಂಬಳಿಯನ್ನು ಮತ್ತೆ ನೆನೆಸಿ ಮುಖ ಕೆಳಗೆ ಮಾಡಿ ಹಾಸಿದರು. ಮೊದಲು ನಾಲ್ಕು ಮೂಲೆ, ಆಮೇಲೆ ಎದುರುಬದುರು ಅಂಚುಗಳ ನಡುಮಧ್ಯ, ಅಲ್ಲಿಂದ ಮೂಲೆಗಳ ಕಡೆಗೆ. ಅಗಲ ಬಾಯಿಯ ಇಕ್ಕಳದಿಂದ ಅಂಚನ್ನು ಎಳೆದು ಹಿಡಿದು, ಎಳೆಯನ್ನು ಸೀಳದಂತೆ ಎರಡು ಎಳೆಗಳ ನಡುವೆ, ತುಸು ಹೊರಕ್ಕೆ ವಾಲಿಸಿ ಮೊಳೆ ಹೊಡೆದರು. ಅಂಗುಲಕ್ಕೊಂದು. ನೆನೆದಾಗ ಹತ್ತಿಯ ನೂಲು ಉಬ್ಬುತ್ತದೆ, ಉಬ್ಬಿದಷ್ಟೂ ಅದರ ಹುರಿ ಬಿಗಿದು ನೂಲು ಗಿಡ್ಡವಾಗುತ್ತದೆ ಎಂದು ವಿವರಿಸಿದರು. ಸ್ಟೇಪಲ್ ಹೊಡೆದರೆ ಬೇಗ ಮುಗಿಯುವುದಿಲ್ಲವೇ ಎಂದು ಭಾವ ಕೇಳಿದ್ದಕ್ಕೆ, ‘ಹೊಡೆಯುವಾಗ ಬೇಗ, ಕೀಳುವಾಗ ಎಳೆ ಹರಿಯುತ್ತದೆ’ ಎಂದರು. ಬುಡದ ಹತ್ತಿ ಪೂರ್ತಿ ಒಣಗುವವರೆಗೆ, ಫ್ಯಾನಿನ ಗಾಳಿಯಲ್ಲಿ ಮೂರು ದಿನ, ಒಂದು ಮೊಳೆಯನ್ನೂ ಮುಟ್ಟಬಾರದು ಎಂದು ಹೇಳಿ ಹೋದರು.

ಆ ಮೂರು ದಿನವೂ ಮೊಳೆಗಳ ಸಾಲು ನೋಡುತ್ತ ನಾನು ಬೇರೇನನ್ನೋ ನೆನೆಯುತ್ತಿದ್ದೆ. ಹೋದ ತಿಂಗಳು ಫಿಸಿಯೊಥೆರಪಿಯವರು ಕೇಳಿದ್ದರು: ಮೊಣಕಾಲು ನೋವು ಬರುವ ಮೊದಲು ಅಮ್ಮ ಎಷ್ಟು ದೂರ ನಡೆಯುತ್ತಿದ್ದರು? ಯಾವ ಕಡೆಗೆ ವಾಲುತ್ತಿದ್ದರು? ಆಗಲೂ ನಾನು ಹೀಗೆಯೇ ಬಾಯಿ ಕಟ್ಟಿ ನಿಂತಿದ್ದೆ. ನಲವತ್ತು ವರ್ಷ ಕಣ್ಣೆದುರಿಗೇ ನಡೆದ ಅಮ್ಮ. ಅವರ ನಡಿಗೆ ನನ್ನ ಕಣ್ಣಿಗೆ ಬಿದ್ದದ್ದು ಅದು ಕುಂಟಿದ ದಿನ. ಆ ನಡಿಗೆಯ ಗುರುತು ಯಾವ ನೆಲದ ಮೇಲೂ ಉಳಿದಿಲ್ಲ.

ನಿನ್ನೆ ಮೊಳೆ ಕಿತ್ತೆವು. ಕರ್ಣಗಳು 216, 216.5. ಕಲೆಯಿರುವ ಮೂಲೆಯನ್ನು ಮಂಚದ ಕಡೆಗೆ ಮಾಡಿ ಹಾಸಿದೆ. ಅಮ್ಮ ಎದ್ದು, ಊರುಗೋಲು ಊರುತ್ತ ಕಂಬಳಿಯನ್ನು ದಾಟಿ ಬಾಗಿಲಿಗೆ ಬಂದರು. 11 ಹೆಜ್ಜೆ, ಎಡಕ್ಕೆ ತುಸು ವಾಲಿ. ತಾರೀಕು ಹಾಕಿ ಬರೆದಿಟ್ಟೆ.