ನಾಲೆಯ ಗೋಡು, ಲ್ಯಾಪ್‌ಟಾಪಿನ ಕೆನೆ: ಆರನೇ ವಾರ

ನಾಲೆ ನೀರಿನಲ್ಲಿ ಮಣ್ಣು ಹೇಗೆ ಕೂರುತ್ತೆ ಅಂತ ಲೆಕ್ಕ ಹಾಕುವ ನನ್ನ ಕಂಪ್ಯೂಟರ್ ಮಾಡೆಲ್ ಬಗ್ಗೆ ಕಳೆದ ಸಲ "ಮಾಡೆಲ್ ಓಡ್ತಾ ಇದೆ, ಮರಳು ತಳಕ್ಕೆ ಕೂರ್ತಾ ಇದೆ" ಅಂತ ಬೀಗಿದ್ದೆ. ಮರಳು ಕೂರುತ್ತಿದ್ದದ್ದು ನಿಜ. ಕೂರುತ್ತಿದ್ದ ಕಾರಣ ಮಾತ್ರ ಪೂರ್ತಿ ತಪ್ಪು.

ಹೊಸಬರಿಗೆ ಎರಡು ಮಾತು. ನಮ್ಮ ಗದ್ದೆ ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲಿನ ಕೊನೆಯಲ್ಲಿದೆ. ತೂಬಿನ ಬಾಯಲ್ಲಿ ಯಾವಾಗಲೂ ಒರಟು ಮರಳು, ಗದ್ದೆಯೊಳಗೆ ಗೋಡು, ಅಂದರೆ ಬೆಣ್ಣೆಯಂಥ ನುಣ್ಣನೆ ಮಣ್ಣು. ಬರುವುದು ಅದೇ ಬಗ್ಗಡ ನೀರು. ಹಾಗಾದರೆ ಇವೆರಡನ್ನೂ ಬೇರೆ ಮಾಡಿದ್ದು ಯಾರು? ಅದನ್ನು ಪೈಥಾನ್ ಭಾಷೆಯ ಒಂದು ಪ್ರೋಗ್ರಾಮಿನಲ್ಲಿ ಹಿಡಿಯೋಣ ಅಂತ ಹೊರಟವನು ನಾನು.

ಬಾಟಲಿ ಪ್ರಯೋಗ ಬೇಗ ಮುಗಿಯಿತು. 0.2 ಮಿ.ಮೀ. ಮರಳು ನಿಂತ ನೀರಿನಲ್ಲಿ ಸೆಕೆಂಡಿಗೆ 2.3 ಸೆಂ.ಮೀ. ಬೀಳಬೇಕು ಅನ್ನುತ್ತದೆ ಸೂತ್ರ. ಎತ್ತರದ ಬಾಟಲಿಯಲ್ಲಿ ಚಿಟಿಕೆ ಮರಳು ಬಿಟ್ಟು ಮೊಬೈಲಿನಲ್ಲಿ ಹಿಡಿದೆ. 30 ಸೆಂ.ಮೀ. ಇಳಿಯಲು ಹದಿಮೂರು, ಹದಿನಾಲ್ಕು ಸೆಕೆಂಡು. ಸಾಕು. ಅರ್ಧ ಮಿ.ಮೀ. ಮರಳಿನ ವೇಗ ಸುಮಾರು 7 ಸೆಂ.ಮೀ. 0.03 ಮಿ.ಮೀ. ಗೋಡಿನದು 1 ಮಿಲಿಮೀಟರೂ ಇಲ್ಲ.

ಹರಿಯುವ ನೀರಲ್ಲಿ ಇನ್ನೊಂದು ಕೈ ಇದೆ, ಸುಳಿ. ಕಾಳು ಕೆಳಗೆ ಬೀಳುತ್ತದೆ, ಸುಳಿ ಅದನ್ನು ಕದಡಿ ಮತ್ತೆ ಮೇಲೆತ್ತುತ್ತದೆ. ಈ ಜಗ್ಗಾಟವನ್ನು ಹರಿಯುವ ನೀರಿನ ವಿಜ್ಞಾನಿ ಹಂಟರ್ ರೌಸ್ 1937ರಲ್ಲೇ ಒಂದು ಸಂಖ್ಯೆಗೆ ಇಳಿಸಿದ್ದರು. ಬೀಳುವ ವೇಗವನ್ನು ತಳದ ಉಜ್ಜಾಟದ ವೇಗದಿಂದ (ನೀರು ತಳವನ್ನು ಎಷ್ಟು ಜೋರಾಗಿ ಉಜ್ಜುತ್ತದೆ ಅನ್ನುವ ಅಳತೆ) ಭಾಗಿಸಿ, ಅದನ್ನು ಮತ್ತೆ 0.41 ಅನ್ನುವ ಸ್ಥಿರ ಸಂಖ್ಯೆಯಿಂದ ಭಾಗಿಸುವುದು, ಅಷ್ಟೆ. ನಾನು ಹಿಡಿದ ನಾಲೆ 1 ಮೀಟರ್ ಆಳದ್ದು, 4 ಕಿಲೋಮೀಟರಿಗೆ 1 ಮೀಟರ್ ಇಳಿಜಾರು. ಉಜ್ಜಾಟದ ವೇಗ ಸೆಕೆಂಡಿಗೆ 5 ಸೆಂ.ಮೀ. ಬರುತ್ತದೆ. ಆಗ ಅರ್ಧ ಮಿ.ಮೀ. ಮರಳಿನ ಸಂಖ್ಯೆ ಸುಮಾರು 3.5. 2.5 ದಾಟಿದರೆ ಕಾಳು ತಳದಲ್ಲೇ ಉರುಳಿಕೊಂಡು ಹೋಗುತ್ತದೆ ಅಂತ ಲೆಕ್ಕ. 0.2 ಮಿ.ಮೀ.ಗೆ 1.1, ಅದು ತೇಲಿಕೊಂಡು ಹೋಗುತ್ತದೆ, ಆದರೆ ತಳದ ಕಡೆಗೇ ಹೆಚ್ಚು. ಗೋಡಿಗೆ ಬರೀ 0.04. ಅದು ನೀರಿನ ಜೊತೆಗೇ ಸವಾರಿ.

ಈಗ ತಪ್ಪಿನ ಕಥೆ. ನನ್ನ ಪ್ರೋಗ್ರಾಮಿನಲ್ಲಿ ಹತ್ತು ಸಾವಿರ ಕಾಳು. ಪ್ರತಿ ಹೆಜ್ಜೆಗೂ ಪ್ರತಿ ಕಾಳು ಸ್ವಲ್ಪ ಬೀಳುತ್ತದೆ, ಜೊತೆಗೆ ಸುಳಿಯ ಲೆಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ ಒಂದು ಕುರುಡು ತಳ್ಳು. ಸುಳಿ ನಡುನೀರಿನಲ್ಲಿ ಜೋರು, ತಳದಲ್ಲೂ ಮೇಲ್ಮೈಯಲ್ಲೂ ಸೊನ್ನೆ. ಎರಡು ಬಗೆಯ ಮರಳನ್ನೂ ಓಡಿಸಿದೆ, ತಳಕ್ಕೆ ಕೂತವು. ಖುಷಿಪಟ್ಟು ಮಲಗಿದೆ. ಮಾರನೇ ದಿನ ಗೋಡು ಓಡಿಸುವಾಗ ಅಪ್ಪ ಟೀ ಹಿಡಿದು ಹಿಂದೆ ನಿಂತಿದ್ದರು. "ಇದೇನ್ಲಾ, ಮೇಲೆ ಕೆನೆ ಕಟ್ಟದೆ?" ಅಂದರು.

ಹೌದು, ಕಟ್ಟಿತ್ತು. ನೀರಿನ ಮೇಲೆ ದಪ್ಪಗೆ ಮಣ್ಣಿನ ಕೆನೆ! ಯಾವ ನಾಲೆಯಲ್ಲಿ ಹಾಗೆ ಕಟ್ಟುತ್ತದೆ ಹೇಳಿ?

ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದೀರಾ? ನಡುವೆ ನೂಕುನುಗ್ಗಲು. ತಳ್ಳಿಸಿಕೊಂಡು ಒಂದು ಮೂಲೆಗೆ ಬಿದ್ದರೆ ಅಲ್ಲಿ ತಳ್ಳುವವರೇ ಇಲ್ಲ, ನಿಂತೇ ಬಿಡುತ್ತೀರಿ. ನನ್ನ ಕಾಳುಗಳೂ ಹಾಗೇ ಸುಳಿ ಇಲ್ಲದ ಎರಡು ಅಂಚಿಗೆ ಸೇರಿ ಗುಂಪಾಗುತ್ತಿದ್ದವು. ನಿಜವಾದ ನೀರು ಹಾಗೆ ಬಿಡುವುದಿಲ್ಲ. ಒಂದು ಬೊಗಸೆ ನೀರು ಅಂಚಿಗೆ ಹೋದರೆ ಅಲ್ಲಿಂದ ಒಂದು ಬೊಗಸೆ ಹೊರಗೆ ಬರಲೇಬೇಕು. ಈ ಪಾಠವನ್ನು ಕಡಲಿನ ಪ್ಲಾಂಕ್ಟನ್ (ನೀರಲ್ಲಿ ತೇಲುವ ಪುಟ್ಟ ಜೀವಿಗಳು) ಲೆಕ್ಕ ಮಾಡುವವರಿಗಾಗಿ ವಿಸರ್ ಅನ್ನುವವರು 1997ರಲ್ಲಿ ಬಿಡಿಸಿ ಬರೆದಿದ್ದಾರೆ. ಸುಳಿಯ ಬಲ ಯಾವ ಕಡೆಗೆ ಏರುತ್ತದೋ ಆ ಕಡೆಗೆ ಕಾಳಿಗೆ ಒಂದು ಚಿಕ್ಕ ತಳ್ಳು ಸೇರಿಸಬೇಕು. ನಾನು ಬಿಟ್ಟಿದ್ದು ಅದನ್ನೇ.

ಎಷ್ಟು ದೊಡ್ಡ ತಪ್ಪು ಅಂತ ಲೆಕ್ಕ ಹಾಕಿದರೆ ನಗು ಬಂತು. ತಳದ ಹತ್ತಿರ ಆ ಸುಳ್ಳು ಸೆಳೆತ ಸೆಕೆಂಡಿಗೆ 2 ಸೆಂ.ಮೀ. ನನ್ನ ಮರಳು ಬೀಳುವುದೇ 2.3. ಅಂದರೆ ಒಂದೊಂದು ಕಾಳಿಗೂ ಇನ್ನೊಂದು ಕಾಳಿನ ಭಾರ ಕಟ್ಟಿದ್ದೆ. ತಳಕ್ಕೆ ಕೂರದೆ ಏನು ಮಾಡೀತು?

ಸರಿ ಮಾಡಿದ್ದು ಎರಡೇ ಸಾಲು. ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಭಾರವೇ ಇಲ್ಲದ ಕಾಳು ಬಿಟ್ಟೆ. ಅವು ಎಲ್ಲ ಕಡೆ ಸಮನಾಗಿ ಹರಡಿರಬೇಕು, ಅಲ್ವಾ? ಆಳವನ್ನು ಇಪ್ಪತ್ತು ಪದರ ಮಾಡಿದೆ, ಪದರಕ್ಕೆ 500 ಬರಬೇಕು. 460ರಿಂದ 540ರೊಳಗೆ ಬಂದವು. ಅಷ್ಟು ಏರುಪೇರು ಬರೀ ಆಕಸ್ಮಿಕದ್ದು. ಹೆಜ್ಜೆಯನ್ನು 1 ಸೆಕೆಂಡಿನಿಂದ 0.1ಕ್ಕೆ ಇಳಿಸಿದ್ದೇನೆ, ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತಿದೆ. ಗೋಡಿನ ಕೆನೆ ಹೋಯಿತು, ಈಗ ಮೇಲಿಂದ ಕೆಳಗೆ ಒಂದೇ ಬಗ್ಗಡ. ಯಾವ ಆಳದಲ್ಲಿ ಎಷ್ಟು ಕಾಳು ಅನ್ನುವ ಗೆರೆ ಎಳೆದರೆ, 0.2 ಮಿ.ಮೀ. ಮರಳಿನದು ರೌಸ್ ಲೆಕ್ಕದ ಗೆರೆಯ ಮೇಲೆ ಕೂರುತ್ತದೆ, ತಳದ 5 ಸೆಂ.ಮೀ. ಬಿಟ್ಟು.

ಆ 5 ಸೆಂ.ಮೀ. ಮುಂದಿನ ತಲೆನೋವು. ತಳ ಮುಟ್ಟಿದ ಕಾಳನ್ನು ಸುಮ್ನೆ ಚೆಂಡಿನ ಹಾಗೆ ಪುಟಿಸುತ್ತಿದ್ದೇನೆ. ಅದು ಕೂತು, ಕಾದು, ಮತ್ತೆ ಏಳಬೇಕು. ಎಷ್ಟು ಉಜ್ಜಾಟಕ್ಕೆ ಕಾಳು ಏಳುತ್ತದೆ ಅನ್ನುವ ಲೆಕ್ಕಕ್ಕೆ ಶೀಲ್ಡ್ಸ್ ಅನ್ನುವವರು 1936ರಲ್ಲಿ ಕೊಟ್ಟ ಗೆರೆ ಇದೆ. ಅದಕ್ಕೆ ನಮ್ಮ ನಾಲೆಯ ತಳದ ಕಾಳಿನ ಗಾತ್ರ ಬೇಕು, ಊಹೆ ಸಾಲದು. ನಾಲೆಗೆ ಸರದಿಯ ಮೇಲೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಈ ಸರದಿ ನೀರು ನಿಂತ ಮೇಲೆ ತೂಬಿನ ಬಾಯಿ, ಅದಕ್ಕಿಂತ ಮೇಲೆ, ಗದ್ದೆಯೊಳಗೆ, ಹೀಗೆ ಮೂರು ಕಡೆ ಮಣ್ಣು ತರಬೇಕು. ಮೂರು ಡಬ್ಬಿ ತೊಳೆದಿಟ್ಟಿದ್ದೇನೆ. ಜರಡಿಯನ್ನು ಅಮ್ಮ ಕೊಡುವುದಿಲ್ಲವಂತೆ, ಹೊಸದು ತರಬೇಕು.