ಇಬ್ಬರಿಗೂ ಒಟ್ಟಿಗೆ ಪಿತ್ತ ಏಳುತ್ತದಾ?

ಕಳೆದ ಭಾನುವಾರ ಇಲ್ಲಿ, ಅಮೆರಿಕದ ಎಡಿಸನ್ನಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ. ಕಟಪಾಡಿಯಿಂದ ಮಗನ ಮನೆಗೆ ಬಂದಿರುವ ಅಜ್ಜಿಯ ಕೈಯಡುಗೆ. ಉಂಡು ಅರ್ಧ ಗಂಟೆ ಆಗಿರಬೇಕು, ಮಗನ ಮುಖ, ಕುತ್ತಿಗೆ ಕೆಂಪಗಾಗಿ ಎದೆಯೆಲ್ಲ ತುರಿಸತೊಡಗಿತು, ತಲೆನೋವು ಬೇರೆ. ಹತ್ತು ನಿಮಿಷದಲ್ಲಿ ಸೊಸೆಗೂ ಅದೇ. "ಎಂಥದ್ದೂ ಇಲ್ಲ, ಪಿತ್ತ ಎದ್ದದ್ದು" ಎಂದು ಅಜ್ಜಿ ಊರಿಂದ ತಂದ ಪುನರ್ಪುಳಿ ಸಿಪ್ಪೆ ನೆನೆಹಾಕಲು ಹೋದರು. ಮೀನು ಬೇಡವೆಂದು ಮೊಸರನ್ನ ತಿಂದಿದ್ದ ಮೂರನೇ ಕ್ಲಾಸಿನ ಮೊಮ್ಮಗಳು ಕೇಳಿದಳು: "ಅಜ್ಜಿ, ಅಲರ್ಜಿ ಒಬ್ಬೊಬ್ಬರದ್ದು ಅಲ್ವಾ? ಇಬ್ಬರಿಗೂ ಒಟ್ಟಿಗೆ ಹೇಗೆ ಬಂತು?"

ಅವಳ ಶಾಲೆಯಲ್ಲಿ ನೆಲಗಡಲೆ ಅಲರ್ಜಿ ಇರುವ ಮಕ್ಕಳಿಗೆ ಊಟಕ್ಕೆ ಬೇರೆ ಮೇಜು. ಒಬ್ಬನಿಗೆ ಆಗದ್ದು ಇನ್ನೊಬ್ಬನಿಗೆ ಆಗುತ್ತದೆ ಎಂಬುದು ಅವಳಿಗೆ ದಿನವೂ ಕಾಣುವ ಸಂಗತಿ. ಆಸ್ಪತ್ರೆಯಲ್ಲೂ ಮೊದಲು ಕೇಳಬೇಕಾದದ್ದು ಇದನ್ನೇ: ಎಷ್ಟು ಜನ ತಿಂದರು, ಎಷ್ಟು ಜನರಿಗೆ ಎದ್ದಿತು?

ಒಂದೇ ಮೀನು ತಿಂದ ಇಬ್ಬರು ಮೂವರಿಗೆ ಒಟ್ಟಿಗೆ ಮುಖ ಕೆಂಪಾದರೆ ಅದು ಅಲರ್ಜಿ ಆಗಿರುವ ಸಂಭವ ಕಡಿಮೆ. ಬಂಗುಡೆ, ಬೂತಾಯಿ, ಕೇದರ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಧಾರಾಳ. ಮೀನು ಸತ್ತ ಮೇಲೆ ತಂಪಿಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿಯಾದಾಗ ನಮ್ಮ ದೇಹವೇ ಬಿಡುಗಡೆ ಮಾಡುವ ಹಿಸ್ಟಮಿನ್ ಇಲ್ಲಿ ಬಟ್ಟಲಿನಲ್ಲೇ ತಯಾರಾಗಿ ಬರುತ್ತದೆ. ಒಮ್ಮೆ ಆಯಿತೆಂದರೆ ಕುದಿಸಿದರೂ ಹೋಗದು, ಹುರಿದರೂ ಹೋಗದು, ಮತ್ತೆ ಫ್ರೀಜರಿಗೆ ಹಾಕಿದರೂ ಹೋಗದು. ವಾಸನೆ ಬರಲೇಬೇಕೆಂದಿಲ್ಲ. ನಾಲಿಗೆಗೆ ಸ್ವಲ್ಪ ಕಾಳುಮೆಣಸಿನಂಥ ಚುರುಕು ತಾಗಬಹುದು, ಆದರೆ ಪುಳಿಮುಂಚಿಯ ಖಾರದಲ್ಲಿ ಅದನ್ನು ಯಾರು ಗುರುತಿಸಿಯಾರು! ಆ ಮನೆಯಲ್ಲಿ ಆದದ್ದು ಇಷ್ಟೇ: ಫ್ರೀಜರಿನಿಂದ ತೆಗೆದ ಮೀನಿನ ಪ್ಯಾಕೆಟ್ ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಕರಗುತ್ತ ಕುಳಿತಿತ್ತು. ಹಿಂದಿನ ದಿನವೇ ಫ್ರಿಜ್ಜಿನ ಕೆಳ ಅರೆಗೆ ಇಳಿಸಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋಗದಂತೆ ಕರಗಿಸಬೇಕಿತ್ತು.

ಈ ತರಹದ ಕೆಂಪಿಗೆ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ನನ್ನು ತಡೆಯುವ ಅಲರ್ಜಿ ಮಾತ್ರೆ, ಸರಿಯಾದ ಮದ್ದೇ. ಸೆಟಿರಿಜಿನ್ 10 ಮಿಲಿಗ್ರಾಂ ಒಂದು ಮಾತ್ರೆ ನುಂಗಿದರೆ ಗಂಟೆಯೊಳಗೆ ಹಿಡಿತಕ್ಕೆ ಬರತೊಡಗುತ್ತದೆ, ಸಾಮಾನ್ಯವಾಗಿ ದಿನದೊಳಗೆ ಇಳಿಯುತ್ತದೆ. ಆದರೆ "ನನಗೆ ಬಂಗುಡೆ ಆಗುವುದಿಲ್ಲ" ಎಂದು ಆಮೇಲೆ ಜೀವನಪೂರ್ತಿ ಮೀನು ಬಿಡುವ ಅಗತ್ಯವಿಲ್ಲ. ಊರಲ್ಲಿ ಹೀಗೆ ಬಂಗುಡೆ ಬಿಟ್ಟವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಅಲರ್ಜಿ ಇತ್ತೋ, ಎಷ್ಟು ಮಂದಿ ಬಿಸಿಲಿಗೆ ಕುಳಿತ ಬುಟ್ಟಿಯ ಮೀನು ತಿಂದಿದ್ದರೋ. "ಐಸ್ ಹಾಕಿದ ಮೀನಿಗೆ ರುಚಿ ಇಲ್ಲ" ಎನ್ನುವುದು ನಮ್ಮ ಕಡೆಯ ಹೆಮ್ಮೆಯ ಮಾತು. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಆಗ ತಾನೆ ಇಳಿದ ಮೀನಿಗೆ ಅದು ಸಲ್ಲುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಮನೆ ಬಾಗಿಲಿಗೆ ಬಂದ ಬುಟ್ಟಿಗೆ ಸಲ್ಲುವುದಿಲ್ಲ.

ಕಷ್ಟವಿರುವುದು ಪಿತ್ತ ಎಂಬ ಪದದಲ್ಲಿ. ನಮ್ಮ ಕಡೆ ಮೈ ತುರಿಸಿದ್ದೆಲ್ಲ ಪಿತ್ತ, ಇಲ್ಲಿ ಅದೆಲ್ಲ ಅಲರ್ಜಿ. ಎರಡೂ ಕಡೆ ಎಲ್ಲದಕ್ಕೂ ಅದೇ ಮಾತ್ರೆ. ಆ ಮಾತ್ರೆ ಮಾಡುವುದು ಒಂದೇ ಕೆಲಸ: ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ, ಹಿಸ್ಟಮಿನ್ ಬಂದು ಕೂರುವ ಜಾಗವನ್ನು ಹಿಡಿದಿಡುವುದು. ಅದಕ್ಕೇ ಇಲ್ಲಿ ಪರಾಗಕ್ಕೆ ಸೀನುವವರು ಸೀನು ಶುರುವಾದ ಮೇಲೆ ಒಂದೊಂದು ನುಂಗುವುದಕ್ಕಿಂತ, ಮರ ಹೂಬಿಡುವ ಮೊದಲೇ ಆರಂಭಿಸಿ ದಿನಕ್ಕೊಂದರಂತೆ ತೆಗೆದುಕೊಂಡರೆ ಉಪಯೋಗ ಹೆಚ್ಚು. ಪಿತ್ತಗಂಧೆಗೂ ಇದು ಸಲ್ಲುತ್ತದೆ. ಅದರ ಗುರುತು ಸುಲಭ. ಉಬ್ಬಿದ ದಡಿಕೆಯೊಂದರ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. 24 ಗಂಟೆಯೊಳಗೆ ಅದು ಅಲ್ಲಿಂದ ಮಾಯವಾಗಿ ಬೇರೆ ಕಡೆ ಎದ್ದರೆ ಗಂಧೆ. ಅಲ್ಲೇ ಕೂತು ನೋಯುತ್ತ ಕಲೆ ಉಳಿಸಿದರೆ ಬೇರೇನೋ, ವೈದ್ಯರು ನೋಡಬೇಕು.

ಹಿಸ್ಟಮಿನ್ನಿನ ಕೈವಾಡ ಇಲ್ಲದ ತುರಿಕೆಗೆ ಮಾತ್ರೆ ಎಷ್ಟು ನುಂಗಿದರೂ ಅಷ್ಟೇ. ಪತ್ರೊಡೆಗೆ ಹುಳಿ ಸಾಲದೆ ಗಂಟಲು ಕೆರೆದರೆ ಅದು ಕೆಸುವಿನೆಲೆಯ ಸೂಜಿಯಂಥ ಆಕ್ಸಲೇಟ್ ಹರಳು ಚುಚ್ಚಿದ್ದು. ಅದಕ್ಕೆ ಹುಣಸೆಹುಳಿ, ಚೆನ್ನಾಗಿ ಬೇಯಿಸುವುದು, ಇಷ್ಟೇ ದಾರಿ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ತಾಗಿ ಒಂದೆರಡು ದಿನ ಬಿಟ್ಟು ಏಳುವ ಗುಳ್ಳೆಯದ್ದು ಇನ್ನೊಂದೇ ದಾರಿ, ಅಲ್ಲಿ ಕೆಲಸ ಮಾಡುವುದು ರಕ್ತದ ಬಿಳಿಕಣಗಳು. ಇಲ್ಲಿನ ಹಿತ್ತಿಲ ಬೇಲಿಯಲ್ಲಿ ಹಬ್ಬುವ ಮೂರೆಲೆಯ ಪಾಯಿಸನ್ ಐವಿಯೂ ಗೇರು, ಮಾವಿನ ಕುಲದ್ದೇ. ಗೇರುಬೀಜ ಸುಟ್ಟು ತಿಂದು ಬೆಳೆದವರು ಇಲ್ಲಿಗೆ ಬಂದು ಆ ಬಳ್ಳಿಗೆ ಬೆರಗಾಗುವುದು ನೋಡಿದರೆ ನಗು ಬರುತ್ತದೆ, ನೆಂಟನ ಪರಿಚಯ ಸಿಗದ ಹಾಗೆ. ಎರಡಕ್ಕೂ ಮದ್ದು ಒಂದೇ: ತಾಗಿದ ಹತ್ತು ನಿಮಿಷದೊಳಗೆ ಸಾಬೂನು ಹಾಕಿ ತೊಳೆಯುವುದು, ಆಮೇಲೆ ತಣ್ಣೀರ ಬಟ್ಟೆ, ಕ್ಯಾಲಮಿನ್, ಹೆಚ್ಚಾದರೆ ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮು. ಮಳೆಗಾಲದಲ್ಲಿ ತೊಡೆಸಂದಿಗೆ ಬರುವ ಗಜಕರ್ಣ ಶಿಲೀಂಧ್ರದ್ದು. ಅದಕ್ಕೆ ಅಲರ್ಜಿ ಮಾತ್ರೆ ನುಂಗಿ, ಮೇಲೆ ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ತುರಿಕೆ ತಗ್ಗಿ ಉಂಗುರ ಮಾತ್ರ ದೊಡ್ಡದಾಗುತ್ತದೆ. ರಾತ್ರಿ ಹೆಚ್ಚುವ, ಮನೆಯವರಿಗೆಲ್ಲ ಹರಡುವ ತುರಿಕೆ ಕಜ್ಜಿಯಾದೀತು.

ಹೆಸರುಗಳ ಗೊಂದಲವಂತೂ ಹೇಳತೀರದು. ಊರಲ್ಲಿ ಬೆನಡ್ರಿಲ್ ಎಂದರೆ ಕೆಮ್ಮಿನ ಸಿರಪ್. ಅಮೆರಿಕದಲ್ಲಿ ಅದೇ ಹೆಸರಿನದ್ದು 25 ಮಿಲಿಗ್ರಾಮಿನ ಡೈಫೆನ್‌ಹೈಡ್ರಮಿನ್ ಅಲರ್ಜಿ ಮಾತ್ರೆ. ಇಂಗ್ಲೆಂಡಿನಲ್ಲಿ ಆ ಹೆಸರಿನ ಒಂದು ಪೆಟ್ಟಿಗೆಯಲ್ಲಿ ಅಕ್ರಿವಾಸ್ಟಿನ್, ಇನ್ನೊಂದರಲ್ಲಿ ಸೆಟಿರಿಜಿನ್. ಹಾಗಾಗಿ ಓದಬೇಕಾದದ್ದು ಸಣ್ಣಕ್ಷರದ ಮದ್ದಿನ ಹೆಸರನ್ನು. ಊರಿನ ಮೆಡಿಕಲ್ಲಿನಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಎರಡು ಮಾತ್ರೆ ಕೊಟ್ಟರೆ ಆ ಸಣ್ಣಕ್ಷರವೇ ಕತ್ತರಿಸಿ ಹೋಗಿರುತ್ತದೆ. ಬೆಳಿಗ್ಗೆ ಶೀತದ ಮಾತ್ರೆ, ಅದರೊಳಗೆ ಕ್ಲೋರ್‌ಫೆನಿರಮಿನ್. ಮಧ್ಯಾಹ್ನ ಅವಿಲ್, ರಾತ್ರಿ ಲಿವೊಸೆಟಿರಿಜಿನ್. ಮೂರೂ ಆಂಟಿಹಿಸ್ಟಮಿನ್ ಎಂದು ನುಂಗಿದವರಿಗೆ ಗೊತ್ತೇ ಇರುವುದಿಲ್ಲ, ಸ್ಕೂಟರಿನಲ್ಲಿ ತೂಕಡಿಕೆ ಬಂದಾಗಷ್ಟೇ ಅನುಮಾನ. ಶೀತದ ಸಿರಪ್ಪಿನಲ್ಲಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಅವಿಲ್, ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಹಳೆಯ ಪೀಳಿಗೆಯವು, ಮಿದುಳಿಗೂ ನುಗ್ಗುತ್ತವೆ. ಇಲ್ಲಿ ಹೆಸರಿನ ಕೊನೆಗೆ ಪಿ.ಎಂ. ಎಂದಿರುವ ನೋವಿನ ಮಾತ್ರೆಗಳಲ್ಲೂ ಡೈಫೆನ್‌ಹೈಡ್ರಮಿನ್ ಇರುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಜೆಟ್‌ಲ್ಯಾಗ್, ನಿದ್ದೆಯಿಲ್ಲ ಎಂದು ಅದನ್ನು ಕೊಡುವವರಿದ್ದಾರೆ. ಪ್ರಾಸ್ಟೇಟ್ ದೊಡ್ಡದಾಗಿರುವ ಹಿರಿಯರಿಗೆ ಮೂತ್ರ ಕಟ್ಟುತ್ತದೆ, ಕೆಲವರಿಗೆ ರಾತ್ರಿ ದಿಕ್ಕು ತಪ್ಪಿದಂತಾಗಿ ಬಾತ್‌ರೂಮಿನಲ್ಲಿ ಬೀಳುತ್ತಾರೆ. ಕೊಡಬೇಡಿ.

ಹೊಸ ಪೀಳಿಗೆಯವು ವಾಸಿ, ಆದರೂ ಒಂದೊಂದಕ್ಕೆ ಒಂದೊಂದು ಹಟ. ಸೆಟಿರಿಜಿನ್ 10 ಮಿಲಿಗ್ರಾಂ, ಲಿವೊಸೆಟಿರಿಜಿನ್ ಅದರ ಅರ್ಧ, 5. ಇವೆರಡೂ ಮೂತ್ರಪಿಂಡದಿಂದಲೇ ಹೊರಹೋಗುವುದರಿಂದ ಕಿಡ್ನಿ ಸರಿ ಇಲ್ಲದವರಿಗೆ ಪ್ರಮಾಣ ಇಳಿಸಬೇಕು. ನಿದ್ದೆ ಬರುವುದಿಲ್ಲ ಎಂದು ನಂಬಬಹುದಾದ್ದು ಫೆಕ್ಸೊಫೆನಡಿನ್. ಸೀನಿಗೆ 120, ಗಂಧೆಗೆ 180 ಮಿಲಿಗ್ರಾಂ. ಅದನ್ನು ಕಿತ್ತಳೆ, ಸೇಬಿನ ಜ್ಯೂಸಿನ ಜೊತೆ ನುಂಗಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಬರೀ ನೀರಿನಲ್ಲಿ ನುಂಗಬೇಕು. ಬಿಲಾಸ್ಟಿನ್ 20 ಮಿಲಿಗ್ರಾಮಿಗೆ ಖಾಲಿ ಹೊಟ್ಟೆ ಬೇಕು, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ.

ಇಲ್ಲಿನ ದೊಡ್ಡ ಅಂಗಡಿಗಳಲ್ಲಿ 365 ಮಾತ್ರೆಯ ಸೆಟಿರಿಜಿನ್ ಡಬ್ಬ ಅಕ್ಕಿ ಚೀಲದ ಹಾಗೆ ಅರೆಯ ಮೇಲೆ ಕೂತಿರುತ್ತದೆ. ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಅದಕ್ಕೊಂದು ಜಾಗ ಇರಲೇಬೇಕು. "ಅಮೆರಿಕದ ಮಾತ್ರೆ" ಎಂದು ನೆಂಟರು ಅದನ್ನು ದಿನಾ ನುಂಗುತ್ತಾರೆ. ಅದೇ ಮದ್ದು ಉಡುಪಿಯ ಯಾವ ಮೆಡಿಕಲ್ಲಿನಲ್ಲೂ ಸಿಗುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ಜೆನೆರಿಕ್ ಮಾತ್ರೆಗಳಲ್ಲಿ ಎಷ್ಟೋ ಭಾರತದಲ್ಲೇ ತಯಾರಾದವು! ದಿನಾ ನುಂಗುವುದಕ್ಕೆ ಇನ್ನೊಂದು ತೊಡಕುಂಟು. ತಿಂಗಳುಗಟ್ಟಲೆ ಸೆಟಿರಿಜಿನ್ ಅಥವಾ ಲಿವೊಸೆಟಿರಿಜಿನ್ ತೆಗೆದುಕೊಂಡು ನಿಲ್ಲಿಸಿದ ಕೆಲವರಿಗೆ, ಒಂದೆರಡು ದಿನದಲ್ಲಿ, ಮೊದಲಿಗಿಂತ ಭೀಕರ ತುರಿಕೆ ಬರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. 2017ರಿಂದ 2023ರವರೆಗೆ ಗುರುತಿಸಿದ್ದು 209 ಪ್ರಕರಣ. ಕಡಿಮೆಯೇ, ಆದರೆ ಆ ತುರಿಕೆಯನ್ನು ಹಳೆ ಅಲರ್ಜಿ ಎಂದುಕೊಂಡು ಮತ್ತೆ ವರ್ಷಗಟ್ಟಲೆ ನುಂಗುವವರು ಇರಬಹುದು. ಹಾಗಾದರೆ ಮತ್ತೆ ಶುರು ಮಾಡಿ, ವೈದ್ಯರನ್ನು ಕೇಳಿ ನಿಧಾನ ಇಳಿಸುತ್ತ ಬಿಡಬೇಕು.

ಇಷ್ಟರ ನಡುವೆ ಮಾತ್ರೆಯ ಮಾತೇ ಎತ್ತಬಾರದ ಹೊತ್ತು ಒಂದುಂಟು. ಸಿಗಡಿಯೋ ನೆಲಗಡಲೆಯೋ ತಿಂದು ತುಟಿ ನಾಲಿಗೆ ಊದಿ, ಸ್ವರ ಕಟ್ಟಿ, ಉಸಿರು ಎಳೆದರೆ, ತಲೆ ತಿರುಗಿ ಬಿದ್ದರೆ, "ಒಂದು ಮಾತ್ರೆ ನುಂಗಿ ನೋಡುವ" ಎಂದು ಕಾಯುವಂತಿಲ್ಲ. ಆಗ ಬೇಕಾದದ್ದು ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ, ದೊಡ್ಡವರಿಗೆ 0.5 ಮಿಲಿಗ್ರಾಂ. ಇಲ್ಲಿ ಅಪಾಯವಿರುವವರ ಚೀಲದಲ್ಲಿ ಅದನ್ನು ಚುಚ್ಚುವ ಪೆನ್ನು ಎರಡಿರುತ್ತವೆ. ಊರಲ್ಲಿ ಆ ಪೆನ್ನು ಸುಲಭಕ್ಕೆ ಸಿಗದು, ಆದ್ದರಿಂದ ಮಲಗಿಸಿ ಕಾಲು ಎತ್ತರಿಸಿಕೊಂಡು, ಉಸಿರು ಕಟ್ಟುತ್ತಿದ್ದರೆ ಕೂರಿಸಿಕೊಂಡು, ನೇರ ಹತ್ತಿರದ ಕ್ಯಾಶುವಾಲ್ಟಿಗೆ.

ಭಾನುವಾರದ ಇಬ್ಬರೂ ಸಂಜೆಗೆ ಸರಿಯಾದರು. "ಹಾಗಾದರೆ ಪುನರ್ಪುಳಿ ಬೇಡವಾ?" ಎಂದು ಅಜ್ಜಿಗೆ ಬೇಸರ. ಕುಡಿಯಿರಿ, ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ತುರಿಕೆಯ ಲೆಕ್ಕ ಮಾತ್ರ ಬೇರೆ. ಅಜ್ಜಿಯ ಸೂಟ್‌ಕೇಸಿಗೂ ಒಂದು ಡಬ್ಬ ಸೇರಿತ್ತು. ಅವರಿಗೆ 78, ಮತ್ತು 77 ತುಂಬಿದವರಿಗೆ ಸೆಟಿರಿಜಿನ್ 5 ಮಿಲಿಗ್ರಾಮೇ ಸಾಕು ಎನ್ನುತ್ತದೆ ಅಮೆರಿಕದ ಔಷಧ ವಿವರಣೆ. ಶನಿವಾರದ ಕನ್ನಡ ಕ್ಲಾಸಿಗೆ ಹೋಗುವ ಮೊಮ್ಮಗಳು ಮುಚ್ಚಳದ ಮೇಲೆ ಟೇಪು ಅಂಟಿಸಿ ಬರೆದಳು: "ಅಜಿಗೆ ಅರದ ಮಾತ್ರ." ಒತ್ತು ಬಿಟ್ಟದ್ದನ್ನು ಅವಳಮ್ಮ ತಿದ್ದಲು ಹೋದರೆ ಅಜ್ಜಿ ಡಬ್ಬ ಕಸಿದುಕೊಂಡರು. "ಇರಲಿ ಬಿಡು, ನಂಗೆ ಗೊತ್ತಾಗ್ತದೆ."