ಪಾಲಿಸಿ ನಂಬರು ಗೊತ್ತಿಲ್ಲದವರು

ಊರಿನ ಮನೆಯಲ್ಲಿ ಎಲ್‌ಐಸಿ ಬಾಂಡ್ ಕಳೆದುಹೋಗಿದೆ ಅಂದದ್ದಕ್ಕೆ, ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದ ಪಕ್ಕದ ಮನೆಯ ಯಹೂದಿ ಅಜ್ಜಿ ಕಸದ ಡಬ್ಬಿ ತಳ್ಳುತ್ತಲೇ ಹೇಳಿದರು: "ನಮ್ಮಪ್ಪಂದೂ ಒಂದು ಪಾಲಿಸಿ ಇತ್ತು. ಕಂಪನಿಯವರು ಮರಣಪತ್ರ ಕೇಳಿದರು. ರೈಲಿನಿಂದ ಇಳಿಸಿ ನೇರ ಗ್ಯಾಸ್ ಕೋಣೆಗೆ ಒಯ್ದವರಿಗೆ ಆಶ್ವಿಟ್ಸ್‌ನಲ್ಲಿ ಅದನ್ನ ಯಾರು ಬರೆದುಕೊಡಬೇಕಿತ್ತು?"

ನಾಜಿಗಳು ಆಶ್ವಿಟ್ಸ್‌ನಂಥ ಶಿಬಿರಗಳಲ್ಲಿ ಕೊಂದ ಯಹೂದಿಗಳ ವಿಮೆ ಕ್ಲೇಮ್‌ಗಳು ಎರಡನೇ ಮಹಾಯುದ್ಧದ ನಂತರ ಬಿದ್ದುಹೋದದ್ದು ಇಂಥ ಕಾರಣಗಳಿಂದಲೇ. ಮರಣಪತ್ರವಿಲ್ಲ, ಬಾಂಡ್ ಇಲ್ಲ, ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆಗಿದೆ, ಪೂರ್ವ ಯುರೋಪಿನ ಶಾಖೆಯನ್ನು ಕಮ್ಯುನಿಸ್ಟ್ ಸರ್ಕಾರ ರಾಷ್ಟ್ರೀಕರಣ ಮಾಡಿಕೊಂಡಿದೆ. ಜರ್ಮನಿಯದು ಇನ್ನೂ ನಾಜೂಕಿನ ಕೆಲಸ. 1941ರ ನವೆಂಬರಿನ ಆಜ್ಞೆಯ ಪ್ರಕಾರ ಗಡಿಯಾಚೆ ಸಾಗಿಸಲ್ಪಟ್ಟ ಯಹೂದಿಯ ಆಸ್ತಿಯೆಲ್ಲ ಸರ್ಕಾರದ ಪಾಲು, ಪಾಲಿಸಿಯೂ ಸೇರಿ. ಕಂಪನಿ ಅದರ ಸರೆಂಡರ್ ಮೊತ್ತವನ್ನು ಸರ್ಕಾರಕ್ಕೆ ಕಟ್ಟಿ ಲೆಕ್ಕ ಮುಗಿಸುತ್ತಿತ್ತು. ವಾರಸುದಾರ ಬಂದರೆ, ಅದು ಆಗಲೇ ಪಾವತಿಯಾಗಿದೆ!

ಕಂಪನಿಯ ಹೆಸರೇ ಗೊತ್ತಿಲ್ಲದವನು ಯಾರ ಬಾಗಿಲು ತಟ್ಟಬೇಕು? ಪಟ್ಟಿ ಇರುವುದು ಕಂಪನಿಯ ಹತ್ತಿರ. ಕ್ಯಾಲಿಫೋರ್ನಿಯಾ 1999ರಲ್ಲಿ ಮಾಡಿದ ಕಾನೂನು ಸರಿಯಾಗಿ ಅಲ್ಲಿಗೇ ಕೈ ಹಾಕಿತು: 1920ರಿಂದ 1945ರವರೆಗೆ ಯುರೋಪಿನಲ್ಲಿ ಮಾರಿದ ಪಾಲಿಸಿಗಳ ವಿವರ ಬಹಿರಂಗಪಡಿಸಿ, ಸೋದರ ಕಂಪನಿಗಳದ್ದೂ ಸೇರಿಸಿ, ಇಲ್ಲದಿದ್ದರೆ ಇಲ್ಲಿನ ಲೈಸೆನ್ಸ್ ರದ್ದು. 2003ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 5–4ರಲ್ಲಿ ಹೊಡೆದುಹಾಕಿತು. ವಿದೇಶಾಂಗ ವ್ಯವಹಾರ ಅಧ್ಯಕ್ಷರದ್ದು, ರಾಜ್ಯ ಅಡ್ಡ ಬರಬಾರದು ಎಂಬುದು ಕಾರಣ. ವಿಚಾರದಲ್ಲಿ ಎದುರುಬದುರಾಗಿದ್ದ ನ್ಯಾಯಮೂರ್ತಿಗಳು ಗಿನ್ಸ್‌ಬರ್ಗ್, ಸ್ಕಾಲಿಯಾ ಇಬ್ಬರೂ ಭಿನ್ನಮತದ ಕಡೆ ಇದ್ದರು. ನನಗೂ ಆ ಕಡೆಯೇ ಸರಿ ಅನ್ನಿಸುತ್ತದೆ.

ಅಧ್ಯಕ್ಷರು ನೆಚ್ಚಿಕೊಂಡಿದ್ದದ್ದು ಇಂಥ ಕ್ಲೇಮ್‌ಗಳಿಗೆಂದೇ 1998ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಯೋಗವನ್ನು. ಬಾಂಡ್ ಇಲ್ಲದಿದ್ದರೂ ಸಡಿಲ ಸಾಕ್ಷ್ಯ ಒಪ್ಪುವ ನಿಯಮ ಅದರದ್ದು. 2007ರಲ್ಲಿ ಬಾಗಿಲು ಹಾಕುವಷ್ಟರಲ್ಲಿ ಸುಮಾರು 48,000 ಮಂದಿಗೆ 30 ಕೋಟಿ ಡಾಲರ್‌ಗೂ ಹೆಚ್ಚು ಹಂಚಿತು. ಬಹುಪಾಲು ಜನಕ್ಕೆ ಸಿಕ್ಕಿದ್ದು ಮಾತ್ರ ಮಾನವೀಯ ನೆರವು ಎಂಬ ಹೆಸರಿನ ತಲಾ 1,000 ಡಾಲರ್. ಆಮೇಲೆ ಅಮೆರಿಕದ ಸಂಸತ್ತಿಗೆ ಹೊಸ ಮಸೂದೆಗಳು ಬಂದವು, ಅಂಗೀಕಾರವಾಗಲಿಲ್ಲ.

ಈ ವಿಷಯದಲ್ಲಿ ನಮ್ಮೂರೇ ವಾಸಿ ಅನ್ನಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮದಂತೆ 1,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ, ಯಾರೂ ಕೇಳಿ ಪಡೆಯದ ಹಣದ ವಿವರವನ್ನು ಕಂಪನಿ ತನ್ನ ಜಾಲತಾಣದಲ್ಲಿ ಹುಡುಕಲು ಇಡಬೇಕು. 10 ವರ್ಷ ಕಳೆದರೆ ಆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆಮೇಲೂ 25 ವರ್ಷ ಕೇಳಬಹುದು. ಆದರೆ ಊರಲ್ಲಿ ಎಷ್ಟು ಮನೆಗೆ ಈ ಹುಡುಕಾಟದ ಸುದ್ದಿ ಮುಟ್ಟಿದೆ?

ಅಜ್ಜಿಯಂಥವರಿಗೆ ಇವತ್ತಿಗೂ ಇರುವ ದಾರಿ ನ್ಯೂಯಾರ್ಕ್ ರಾಜ್ಯದ ಹಾಲೋಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ಕ್ಲೇಮ್ ಕಚೇರಿ. ಶುಲ್ಕವಿಲ್ಲ. ಹೆಸರು, ಹುಟ್ಟಿದ ತಾರೀಕು, ವಾಸದ ಊರು, ಕಸುಬು, ಇಷ್ಟು ಬರೆದುಕೊಡಬೇಕು. ಮುಖ್ಯವಾಗಿ ಹೆಸರಿನ ಎಲ್ಲ ಕಾಗುಣಿತಗಳನ್ನೂ. ಶ್ವಾರ್ಟ್ಸ್ ಎಂಬುದನ್ನು ಜರ್ಮನ್ ಗುಮಾಸ್ತ ಒಂದು ರೀತಿ ಬರೆದರೆ ಹಂಗೇರಿಯವನು ಇನ್ನೊಂದು ರೀತಿ. ಅದೂ ಅಲ್ಲದೆ ನಮ್ಮಲ್ಲಿ ಇನಿಷಿಯಲ್ ಮೊದಲು ಬರುವಂತೆ ಹಂಗೇರಿಯವರಿಗೆ ಮನೆತನವೇ ಮೊದಲು, ಆಮೇಲೆ ಸ್ವಂತ ಹೆಸರು. ಫಾರಂನ ಮೊದಲ ಖಾನೆಯಲ್ಲಿ ಅಜ್ಜಿ ಬರೆದದ್ದು ಮನೆತನದ ಹೆಸರನ್ನೇ.